ಮುಳುಗಿದ ಗದ್ದೆಯಲ್ಲಿ ಉಸಿರು ಬಿಗಿಹಿಡಿಯುವ ಭತ್ತ: ಒಂದು ಪ್ರೋಟೀನ್ ಮತ್ತು ರೈತರ ಸಾಲದ ಲೆಕ್ಕ

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇಲ್ಲಿದೆ.

ಸಾಮಾನ್ಯವಾಗಿ ನಾವಿಲ್ಲಿ ದುಡ್ಡು, ಸಾಲ, ವಿಮೆ, ಮಾರುಕಟ್ಟೆ ಅಂತ ಮಾತಾಡ್ತೀವಿ. ಇವತ್ತು ಗಿಡದೊಳಗಿನ ಜೀನ್‌ಗಳ ಬಗ್ಗೆ. ಬಿ.ಕಾಂ. ಓದಿದ ನನಗೆ ಇದ್ಯಾಕೆ ಬೇಕಿತ್ತು ಅಂತ ನೀವು ಕೇಳಬಹುದು. ಒಡಿಶಾದ ರೈತರ ಬಗ್ಗೆ ಅರ್ಥಶಾಸ್ತ್ರಜ್ಞರು ಮಾಡಿದ ಒಂದು ಅಧ್ಯಯನ ಓದ್ತಾ ಇದ್ದೆ. ಒಂದು ಹೊಸ ಭತ್ತದ ಬೀಜ ಕೈಗೆ ಬಂದ ಮೇಲೆ ಆ ರೈತರು ಗೊಬ್ಬರ ಜಾಸ್ತಿ ಹಾಕಿದರು, ಸಾಲ ಜಾಸ್ತಿ ತಗೊಂಡರು ಅಂತ ಅದರಲ್ಲಿತ್ತು. ಬೀಜಕ್ಕೂ ಸಾಲಕ್ಕೂ ಎಲ್ಲಿಯ ನಂಟು? ಅದನ್ನೇ ಹಿಡಿದು ಹಿಂದೆ ಹಿಂದೆ ಹೋದಾಗ ಕೊನೆಗೆ ಸಿಕ್ಕಿದ್ದು ಒಂದು ಪ್ರೋಟೀನ್. ಹೆಸರು ಸಬ್1ಎ. ಇವತ್ತಿನ ಕಥೆ ಅದರದ್ದೇ. ಸಾಲದ ವಿಷಯಕ್ಕೆ ಕೊನೆಯಲ್ಲಿ ಬರ್ತೀನಿ, ಬಿಟ್ಟು ಹೋಗಬೇಡಿ.

ಮೊದಲು ನೆರೆ. ಭತ್ತ ಅಂದ್ರೆ ನೀರಿನ ಬೆಳೆ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ನಿಜ, ಆದರೆ ಅದು ನೀರಲ್ಲಿ ಕಾಲಿಟ್ಟು ನಿಲ್ಲೋ ಬೆಳೆ, ಪೂರ್ತಿ ನೀರೊಳಗೆ ಬದುಕೋ ಬೆಳೆ ಅಲ್ಲ. ನಾಟಿ ಮಾಡಿ ಕೆಲವೇ ವಾರ ಆಗಿರುತ್ತೆ, ಹೊಳೆ ಉಕ್ಕಿ ಗದ್ದೆ ಪೂರ್ತಿ ಮುಳುಗುತ್ತೆ. ಎರಡು ಮೂರು ದಿನಕ್ಕೆ ನೀರು ಇಳಿದರೆ ಪರವಾಗಿಲ್ಲ. ವಾರ, ಹತ್ತು ದಿನ ನಿಂತರೆ ಹೆಚ್ಚಿನ ತಳಿಗಳ ಕಥೆ ಮುಗಿದ ಹಾಗೆ. ನೀರು ಇಳಿದ ಮೇಲೆ ನೋಡಿದರೆ ಉದ್ದಕ್ಕೆ ಬಿಳಿಚಿಕೊಂಡ ಎಲೆಗಳು ಕೆಸರಿಗೆ ಅಂಟಿಕೊಂಡು ಮಲಗಿರುತ್ತವೆ.

ಆ 'ಉದ್ದಕ್ಕೆ' ಅನ್ನೋ ಪದ ಗಮನಿಸಿ. ಗಿಡ ಉಸಿರುಗಟ್ಟಿ ಸುಮ್ಮನೆ ಸಾಯೋದಿಲ್ಲ. ಸಾಯೋ ಮುಂಚೆ ಅದು ಬೆಳೆಯುತ್ತೆ. ಹೇಗಾದರೂ ಎಲೆಯ ತುದಿಯನ್ನ ನೀರಿನ ಮೇಲೆ ತರೋಣ ಅಂತ, ಕೂಡಿಟ್ಟ ಸಕ್ಕರೆ, ಪಿಷ್ಟ ಎಲ್ಲ ಖರ್ಚು ಮಾಡಿ ಉದ್ದ ಆಗುತ್ತೆ. ನೀರು ಕಡಿಮೆ ಇದ್ದರೆ ಈ ಜೂಜು ಗೆಲ್ಲುತ್ತೆ. ನೀರು ಹೆಚ್ಚಿದ್ದರೆ ಮೇಲೆ ಬರೋದೂ ಇಲ್ಲ, ಉಳಿತಾಯವೂ ಖಾಲಿ. ಹತ್ತು ದಿನ ಆದ ಮೇಲೆ ನೀರು ಇಳಿದರೂ ಮತ್ತೆ ಚಿಗುರೋಕೆ ಏನೂ ಉಳಿದಿರಲ್ಲ. ನೆರೆಗೆ ಸತ್ತ ಭತ್ತ ಎಷ್ಟೋ ಸಲ ನಿಜವಾಗಿ ದಿವಾಳಿಯಾಗಿ ಸತ್ತಿರುತ್ತೆ.

ತಾನು ನೀರೊಳಗಿದ್ದೀನಿ ಅಂತ ಗಿಡಕ್ಕೆ ಗೊತ್ತಾಗೋದು ಹೇಗೆ? ಎಥಿಲೀನ್ ಅನ್ನೋ ಅನಿಲದಿಂದ. ಮನೆಯಲ್ಲಿ ಮಾವಿನಕಾಯಿಯನ್ನ ಅಕ್ಕಿ ಡಬ್ಬದೊಳಗೆ ಹೂತಿಟ್ಟರೆ ಬೇಗ ಹಣ್ಣಾಗುತ್ತಲ್ಲ, ಅದರ ಗುಟ್ಟು ಇದೇ ಅನಿಲ. ಕಾಯಿ ತಾನೇ ಎಥಿಲೀನ್ ಬಿಡುತ್ತೆ, ಅಕ್ಕಿಯೊಳಗೆ ಅದು ಹೊರಗೆ ಹೋಗೋಕಾಗದೆ ಸುತ್ತಲೂ ತುಂಬಿಕೊಳ್ಳುತ್ತೆ. ಭತ್ತದ ಗಿಡವೂ ಸದಾ ಸ್ವಲ್ಪ ಸ್ವಲ್ಪ ಎಥಿಲೀನ್ ಬಿಡ್ತಾ ಇರುತ್ತೆ. ಗಾಳಿಯಲ್ಲಿ ಅದು ಹಾರಿ ಹೋಗುತ್ತೆ. ನೀರಲ್ಲಿ ಅನಿಲಗಳು ಹರಡೋ ವೇಗ ಗಾಳಿಗಿಂತ ಸುಮಾರು 10 ಸಾವಿರ ಪಟ್ಟು ಕಡಿಮೆ. ಹಾಗಾಗಿ ಮುಳುಗಿದ ಕೂಡಲೇ ಎಥಿಲೀನ್ ಗಿಡದೊಳಗೇ ಸಿಕ್ಕಿಹಾಕಿಕೊಂಡು ಏರ್ತಾ ಹೋಗುತ್ತೆ. ಅದೇ ಸುದ್ದಿ: 'ಮುಳುಗಿದ್ದೀವಿ.'

ಸುದ್ದಿ ಬಂತು. ಮುಂದೆ ಏನು ಮಾಡಬೇಕು ಅಂತ ತೀರ್ಮಾನ ಮಾಡೋರು ಯಾರು? ಇಲ್ಲಿಗೆ ನಮ್ಮ ನಿಯಂತ್ರಕ ಪ್ರೋಟೀನ್‌ಗಳು ಬರ್ತವೆ. ವಿಜ್ಞಾನಿಗಳ ಮಾತಲ್ಲಿ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್.

ಭತ್ತದ ಒಂದೊಂದು ಜೀವಕೋಶದಲ್ಲೂ ಹೆಚ್ಚುಕಮ್ಮಿ 40 ಸಾವಿರ ಜೀನ್‌ಗಳಿವೆ. ಬೇರಲ್ಲೂ ಅವೇ, ಎಲೆಯಲ್ಲೂ ಅವೇ, ಕಾಳಲ್ಲೂ ಅವೇ. ಆದರೆ ಎಲ್ಲವೂ ಎಲ್ಲ ಕಡೆ ಕೆಲಸ ಮಾಡಲ್ಲ. ಒಂದು ಬ್ಯಾಂಕ್ ಶಾಖೆಯಲ್ಲಿ 40 ಸಾವಿರ ಖಾತೆ ಇದೆ ಅಂದುಕೊಳ್ಳಿ. ಖಾತೆ ಇದ್ದ ಮಾತ್ರಕ್ಕೆ ದುಡ್ಡು ಓಡಾಡಲ್ಲ, ಸಹಿ ಮಾಡೋ ಅಧಿಕಾರ ಇರೋರು ಸಹಿ ಹಾಕಬೇಕು. ಪ್ರತಿ ಜೀನ್‌ನ ಮುಂಭಾಗದಲ್ಲಿ ಡಿಎನ್‌ಎಯ ಒಂದು ತುಂಡು ಇರುತ್ತೆ, ಪ್ರೊಮೋಟರ್ ಅಂತಾರೆ. ಸಹಿ ಹಾಕೋ ಜಾಗ ಅದು. ನಿಯಂತ್ರಕ ಪ್ರೋಟೀನ್ ಬಂದು ಅಲ್ಲಿ ಕೂತರೆ ಆ ಜೀನ್ ಚಾಲೂ ಆಗುತ್ತೆ, ಇಲ್ಲ ಬಂದ್ ಆಗುತ್ತೆ. ಒಬ್ಬ ಸಹಿದಾರನಿಗೆ ನೂರಾರು ಖಾತೆಗಳ ಮೇಲೆ ಅಧಿಕಾರ ಇರಬಹುದು. ಒಂದು ಖಾತೆಗೆ ನಾಲ್ಕು ಜನರ ಸಹಿ ಬೇಕಾಗಬಹುದು.

ಅರಬಿಡಾಪ್ಸಿಸ್ ಅಂತ ಸಾಸಿವೆ ಜಾತಿಯ ಒಂದು ಪುಟ್ಟ ಗಿಡ ಇದೆ, ಸಸ್ಯ ವಿಜ್ಞಾನಿಗಳ ಪ್ರಯೋಗದ ಗಿಡ. 2000ದಲ್ಲಿ ಅದರ ಪೂರ್ತಿ ಜೀನೋಮ್ ಓದಿದಾಗ ಇಂಥ ನಿಯಂತ್ರಕಗಳೇ ಸುಮಾರು 1,500 ಇವೆ ಅಂತ ಲೆಕ್ಕ ಸಿಕ್ಕಿತು. ಒಟ್ಟು ಜೀನ್‌ಗಳಲ್ಲಿ 5%ಗಿಂತ ಸ್ವಲ್ಪ ಜಾಸ್ತಿ, ಬೇರೆ ಜೀನ್‌ಗಳನ್ನ ಆಳೋದಕ್ಕೇ ಇರುವಂಥವು. ಯಾವುದು ಯಾವುದನ್ನ ಆಳುತ್ತೆ ಅಂತ ಹುಡುಕೋದೇ ಒಂದು ದೊಡ್ಡ ಕೆಲಸ. ಆ ಕೆಲಸ ಹೇಗೆ ನಡೆಯುತ್ತೆ ಅಂತ ತಿಳಿಯೋಕೆ ಸಬ್1ಎಯಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಕಥೆ ಶುರುವಾಗೋದು ಲ್ಯಾಬಿನಲ್ಲಲ್ಲ, ಒಡಿಶಾದ ಗದ್ದೆಯಲ್ಲಿ. ಅಲ್ಲಿ ಧಲಪುಟಿಯಾ ಅನ್ನೋ ನಾಟಿ ತಳಿ ಇತ್ತು. ಎಷ್ಟೋ ತಲೆಮಾರುಗಳಿಂದ ನೆರೆ ಬರೋ ಊರುಗಳ ರೈತರು ಉಳಿಸಿಕೊಂಡು ಬಂದದ್ದು. ಅದರಿಂದ ಆರಿಸಿ ತೆಗೆದ ಶುದ್ಧ ತಳಿಗೆ ಎಫ್‌ಆರ್‌13ಎ ಅಂತ ಹೆಸರಿಟ್ಟರು. ಎಫ್‌ಆರ್ ಅಂದ್ರೆ ಫ್ಲಡ್ ರೆಸಿಸ್ಟೆಂಟ್, ನೆರೆ ತಡೆಯೋದು. ಎರಡು ವಾರ ಪೂರ್ತಿ ಮುಳುಗಿದ್ದರೂ ನೀರು ಇಳಿದ ಮೇಲೆ ಮತ್ತೆ ಚಿಗುರುತ್ತೆ. ನಮ್ಮಲ್ಲೂ ಇಂಥ ತಳಿಗಳಿವೆ. ಸಾಗರದ ಕಡೆ ನೆರೆಗುಳಿ ಅಂತ ಇದೆ, ಹೆಸರಲ್ಲೇ ನೆರೆ ಇದೆ. ಕುಮಟಾ ಕಡೆ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪು ನೀರು ತಡೆಯೋ ಕಗ್ಗ ಇದೆ. ವಿಜ್ಞಾನಿಗಳು ಜೀನ್ ಹುಡುಕೋಕೆ ಹೊರಟಾಗ ಅವರ ಕೈಯಲ್ಲಿ ಇದ್ದದ್ದು ಇಂಥ ರೈತರು ಕಾಪಾಡಿದ ಬೀಜವೇ. ಈ ಸಾಲವನ್ನ ಯಾವ ಬ್ಯಾಲೆನ್ಸ್ ಶೀಟಲ್ಲೂ ಬರೆದಿರಲ್ಲ.

ಎಫ್‌ಆರ್‌13ಎ ಗಟ್ಟಿ ತಳಿ, ಆದರೆ ಇಳುವರಿ ಕಡಿಮೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ, ಇರ್ರಿ ಅಂತ ನಾವೆಲ್ಲ ಕೇಳಿರ್ತೀವಿ, ಅಲ್ಲಿ ವರ್ಷಗಟ್ಟಲೆ ಇದನ್ನ ಬೇರೆ ತಳಿಗಳ ಜೊತೆ ಸಂಕರ ಮಾಡಿ ನೋಡಿದರು. ನೆರೆ ತಡೆಯೋ ಹೊಸ ತಳಿಗಳೂ ಬಂದವು. ಆದರೆ ರೈತರಿಗೆ ಬೇಕಾದ ಅನ್ನ, ಬೇಕಾದ ಕಾಳು, ಬೇಕಾದ ಅವಧಿ ಅವುಗಳಲ್ಲಿ ಇರಲಿಲ್ಲ. ರೈತರು ಒಲ್ಲೆ ಅಂದರು. ಸಂಕರ ಮಾಡಿದಾಗ ಬೇಕಾದ್ದರ ಜೊತೆ ಬೇಡದ್ದೂ ಬರುತ್ತೆ. ಬೇಕಾದ್ದು ವರ್ಣತಂತುಗಳಲ್ಲಿ ಎಲ್ಲಿದೆ ಅಂತಲೇ ಗೊತ್ತಿಲ್ಲದೆ ಇದ್ದರೆ ಬೇಡದ್ದನ್ನ ಬಿಡಿಸೋದು ಹೇಗೆ?

ಹಾಗಾಗಿ ವಿಳಾಸ ಹುಡುಕಬೇಕಾಯ್ತು. ನೆರೆ ತಡೆಯೋ ಗಿಡವನ್ನ ತಡೆಯದ ಗಿಡದ ಜೊತೆ ಸಂಕರ ಮಾಡಿ ಮೊಮ್ಮಕ್ಕಳ ತಲೆಮಾರು ಬೆಳೆಸ್ತಾರೆ. ಒಂದೊಂದು ಗಿಡದಲ್ಲೂ ಅಜ್ಜ ಅಜ್ಜಿಯ ಡಿಎನ್‌ಎ ಬೇರೆ ಬೇರೆ ಥರ ಕಲಸಿಹೋಗಿರುತ್ತೆ. ಎಲ್ಲವನ್ನೂ ಮುಳುಗಿಸ್ತಾರೆ, ದಿನ ಎಣಿಸ್ತಾರೆ, ನೀರು ಬಿಡ್ತಾರೆ, ಯಾವುದು ಬದುಕಿತು ಅಂತ ಗುರುತು ಹಾಕ್ತಾರೆ. ಬದುಕಿದ ಗಿಡಗಳಲ್ಲೆಲ್ಲ ಇರುವ, ಸತ್ತ ಗಿಡಗಳಲ್ಲಿ ಇಲ್ಲದ ತುಂಡು ಯಾವುದು? 1996ರಲ್ಲಿ ಕೆನಾಂಗ್ ಷು ಮತ್ತು ಡೇವಿಡ್ ಮೆಕಿಲ್ ಉತ್ತರ ಕೊಟ್ಟರು: 9ನೇ ವರ್ಣತಂತು. ಅಲ್ಲಿನ ಒಂದೇ ಜಾಗ ನೆರೆ ತಡೆಯೋ ಗುಣದ ಬಹುಪಾಲಿಗೆ ಕಾರಣ. ಅದಕ್ಕೆ ಸಬ್1 ಅಂತ ಹೆಸರಿಟ್ಟರು.

ಇದು ಅಚ್ಚರಿ ಯಾಕೆ ಅಂದ್ರೆ, ಬದುಕೋದು ಸಾಯೋದು ಅನ್ನೋ ವಿಷಯದಲ್ಲಿ ನೂರಾರು ಜೀನ್ ಕೈ ಹಾಕಿರುತ್ತವೆ. ಸಕ್ಕರೆ ಉಳಿಸೋದು, ಎಲೆಯ ಹಸಿರು ಕಾಪಾಡೋದು, ಬೆಳವಣಿಗೆ ತಡೆಯೋದು, ಎಲ್ಲ ಬೇರೆ ಬೇರೆ ಕೆಲಸ. ಒಂದೇ ಜಾಗ ಅಷ್ಟನ್ನೂ ಬದಲಾಯಿಸುತ್ತೆ ಅಂದ್ರೆ ಅಲ್ಲಿರೋದು ಬಹುಶಃ ಕೆಲಸಗಾರ ಅಲ್ಲ, ಮೇಸ್ತ್ರಿ ಅನ್ನೋ ಅನುಮಾನ ಬರುತ್ತೆ.

ವಿಳಾಸದಿಂದ ಮನೆ ಬಾಗಿಲಿಗೆ ಬರೋಕೆ ಇನ್ನೂ 10 ವರ್ಷ ಹಿಡಿಯಿತು. 2006ರ ಆಗಸ್ಟ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಲೇಖನ ಬಂತು. ಷು, ಮೆಕಿಲ್ ಜೊತೆಗೆ ಕ್ಯಾಲಿಫೋರ್ನಿಯಾದ ಪಮೇಲಾ ರೊನಾಲ್ಡ್, ಜೂಲಿಯಾ ಬೈಲಿ-ಸೆರೆಸ್ ತಂಡಗಳು, ಇರ್ರಿಯವರು ಎಲ್ಲ ಸೇರಿದ್ದರು. ಆ ಜಾಗದಲ್ಲಿ ಅಕ್ಕಪಕ್ಕ ಮೂರು ಜೀನ್‌ಗಳು ಸಿಕ್ಕವು: ಸಬ್1ಎ, ಸಬ್1ಬಿ, ಸಬ್1ಸಿ. ಮೂರೂ ಒಂದೇ ಕುಟುಂಬದವು. ಎಥಿಲೀನ್‌ಗೆ ಸ್ಪಂದಿಸೋ ನಿಯಂತ್ರಕ ಪ್ರೋಟೀನ್‌ಗಳ ಕುಟುಂಬ, ಚಿಕ್ಕದಾಗಿ ಇಆರ್‌ಎಫ್. ಅನುಮಾನ ನಿಜವಾಗಿತ್ತು, ಅಲ್ಲಿ ಕೂತಿದ್ದದ್ದು ಮೇಸ್ತ್ರಿಯೇ.

ಬಿ ಮತ್ತು ಸಿ ಎಲ್ಲ ಭತ್ತದಲ್ಲೂ ಇವೆ. ಎ ಮಾತ್ರ ಎಷ್ಟೋ ತಳಿಗಳಲ್ಲಿ ಇಲ್ಲವೇ ಇಲ್ಲ. ಜಪಾನ್, ಚೀನಾ ಕಡೆ ಬೆಳೆಯೋ ಜಪೋನಿಕಾ ಗುಂಪಿನಲ್ಲಿ ಹುಡುಕಿದರೂ ಸಿಗಲಿಲ್ಲ. ನಮ್ಮ ಕಡೆಯ ಇಂಡಿಕಾ ಗುಂಪಿನ ಕೆಲವು ತಳಿಗಳಲ್ಲಿದೆ, ಅದರಲ್ಲೂ ಎರಡು ಬಗೆ. ನೆರೆ ತಡೆಯೋ ತಳಿಗಳಲ್ಲಿ ಇರೋದು ಸಬ್1ಎ-1. ತಡೆಯದವುಗಳಲ್ಲಿ ಸಬ್1ಎ-2. ಎರಡು ಪ್ರೋಟೀನ್‌ಗಳನ್ನ ಪಕ್ಕಪಕ್ಕ ಇಟ್ಟು ನೋಡಿದರೆ 186ನೇ ಜಾಗದಲ್ಲಿ ಒಂದರಲ್ಲಿ ಸೆರೀನ್ ಅನ್ನೋ ಅಮೈನೋ ಆಮ್ಲ, ಇನ್ನೊಂದರಲ್ಲಿ ಪ್ರೋಲೀನ್. ಈ ಒಂದು ಜಾಗ ನೆನಪಿಟ್ಟುಕೊಳ್ಳಿ.

ಆದರೆ ಪಕ್ಕದಲ್ಲಿ ಸಿಕ್ಕಿದ್ದಕ್ಕೇ ಅಪರಾಧಿ ಅಂತ ಹೇಳೋಕಾಗಲ್ಲ. ಕಳ್ಳತನ ಆದ ಬೀದಿಯಲ್ಲಿ ನಿಂತಿದ್ದವನೇ ಕಳ್ಳ ಅಂತ ಹೇಳಿದ ಹಾಗಾಗುತ್ತೆ. ಸಾಬೀತು ಬೇಕು. ಅವರು ಮಾಡಿದ್ದು ಇಷ್ಟು: ನೆರೆ ತಡೆಯೋಕೆ ಬರದ ಲಿಯಾಗೆಂಗ್ ಅನ್ನೋ ಜಪೋನಿಕಾ ತಳಿಗೆ ಲ್ಯಾಬಿನಲ್ಲಿ ಸಬ್1ಎ-1 ಜೀನ್ ಒಂದನ್ನೇ ಸೇರಿಸಿದರು. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಮುಳುಗಿಸಿದರು. ಗಿಡ ಬದುಕಿತು. ಕೇಸು ಅಲ್ಲಿಗೆ ಮುಗೀತು. ಸಸ್ಯ ವಿಜ್ಞಾನದಲ್ಲಿ 'ಈ ಪ್ರೋಟೀನೇ ಕಾರಣ' ಅಂತ ಹೇಳಬೇಕಾದರೆ ಹೀಗೇ: ಇಲ್ಲದ ಕಡೆ ಸೇರಿಸಿ ನೋಡು, ಇರುವ ಕಡೆ ಕೆಡಿಸಿ ನೋಡು.

ಈಗ ಆ ಪ್ರೋಟೀನ್ ನಿಜಕ್ಕೂ ಮಾಡೋದು ಏನು? ಸಾಮಾನ್ಯ ಗಿಡದಲ್ಲಿ ಎಥಿಲೀನ್ ಏರಿದಾಗ ಜಿಬ್ಬರೆಲಿನ್ ಅನ್ನೋ ಬೆಳವಣಿಗೆ ಹಾರ್ಮೋನ್‌ನ ಕೈ ಮೇಲಾಗುತ್ತೆ. 'ಬೆಳಿ, ಬೆಳಿ, ಮೇಲೆ ಬಾ.' ಸಬ್1ಎ-1 ಇರುವ ಗಿಡದಲ್ಲಿ ಅದೇ ಎಥಿಲೀನ್ ಸಬ್1ಎಯನ್ನ ಎಬ್ಬಿಸುತ್ತೆ. ಅದು ಎದ್ದ ಮೇಲೆ ಜಿಬ್ಬರೆಲಿನ್ ಮಾತಿಗೆ ಅಡ್ಡ ನಿಲ್ಲೋ ಎರಡು ಪ್ರೋಟೀನ್‌ಗಳು ಹೆಚ್ಚಾಗುತ್ತವೆ. 2008ರಲ್ಲಿ ತಕೇಶಿ ಫುಕಾವೊ ಮತ್ತು ಬೈಲಿ-ಸೆರೆಸ್ ಇದನ್ನ ತೋರಿಸಿದರು. ಹಾರ್ಮೋನ್ ಕೂಗ್ತಾನೇ ಇರುತ್ತೆ, ಗಿಡ ಕೇಳಿಸಿಕೊಳ್ಳಲ್ಲ. ಬೆಳವಣಿಗೆ ನಿಲ್ಲುತ್ತೆ, ಪಿಷ್ಟ ಉಳಿಯುತ್ತೆ, ಎಲೆಯ ಹಸಿರು ಬೇಗ ಹೋಗಲ್ಲ. ನೀರು ಇಳಿಯೋ ತನಕ ಗಿಡ ಕುಳ್ಳಗೆ, ಸುಮ್ಮನೆ ಕೂತಿರುತ್ತೆ. ನೀರು ಇಳಿದ ಮೇಲೆ ಉಳಿದ ಬಂಡವಾಳದಲ್ಲಿ ಹೊಸ ಎಲೆ ಬಿಡುತ್ತೆ.

ನನಗೆ ತುಂಬ ಇಷ್ಟವಾದದ್ದು ಇದರ ಮುಂದಿನ ಭಾಗ. ಬಾಂಗ್ಲಾದೇಶದಂಥ ಕಡೆ ಆಳ ನೀರಿನ ಭತ್ತ ಅಂತ ಬೇರೆಯೇ ಒಂದು ಬಗೆ ಇದೆ. ಅಲ್ಲಿ ನೆರೆ ಅಂದ್ರೆ ಹತ್ತು ದಿನದ ಮಾತಲ್ಲ, ತಿಂಗಳುಗಟ್ಟಲೆ ಆಳವಾದ ನೀರು ನಿಂತೇ ಇರುತ್ತೆ. ಉಸಿರು ಹಿಡಿದು ಎಷ್ಟು ದಿನ ಕೂರೋಕಾಗುತ್ತೆ? ಅಲ್ಲಿನ ಭತ್ತ ನೀರಿನ ಜೊತೆಗೇ ಏರುತ್ತೆ, ದಿನಕ್ಕೆ 20 ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯೋದೂ ಉಂಟು. ಜಪಾನಿನ ನಗೋಯಾದ ಮೊತೊಯುಕಿ ಅಶಿಕಾರಿ ತಂಡ 2009ರಲ್ಲಿ ಅದಕ್ಕೆ ಕಾರಣವಾದ ಎರಡು ಜೀನ್‌ಗಳನ್ನ ಪತ್ತೆ ಮಾಡಿ ಸ್ನಾರ್ಕೆಲ್1, ಸ್ನಾರ್ಕೆಲ್2 ಅಂತ ಹೆಸರಿಟ್ಟಿತು. ಸ್ನಾರ್ಕೆಲ್ ಅಂದ್ರೆ ನೀರೊಳಗೆ ಈಜೋರು ಬಾಯಿಗೆ ಇಟ್ಟುಕೊಳ್ಳೋ ಉಸಿರಾಟದ ಕೊಳವೆ. ಆ ಜೀನ್‌ಗಳು ಯಾವ ಕುಟುಂಬದವು ಗೊತ್ತಾ? ಅದೇ ಇಆರ್‌ಎಫ್. ಅದೇ ಎಥಿಲೀನ್ ಸುದ್ದಿ ತಗೊಂಡು ಪೂರ್ತಿ ಉಲ್ಟಾ ಆದೇಶ ಕೊಡ್ತವೆ. ಒಬ್ಬ 'ಕೂತ್ಕೋ' ಅಂತಾನೆ, ಇನ್ನೊಬ್ಬ 'ಓಡು' ಅಂತಾನೆ. ಎರಡೂ ಸರಿ, ಅವರವರ ಊರಿನ ನೀರಿಗೆ. ಒಳ್ಳೆ ಜೀನ್, ಕೆಟ್ಟ ಜೀನ್ ಅಂತ ಯಾರಾದರೂ ಹೇಳಿದರೆ ನಾನು ಈ ಉದಾಹರಣೆ ಕೊಡ್ತೀನಿ.

ಒಂದು ಪ್ರೋಟೀನ್ ಯಾವ ಯಾವ ಜೀನ್ ಮೇಲೆ ಕೂರುತ್ತೆ ಅಂತ ಕಂಡುಹಿಡಿಯೋದು ಹೇಗೆ? ಕಣ್ಣಿಗೆ ಕಾಣೋ ವಸ್ತುವಲ್ಲ ಅದು. ಒಂದು ಜನಪ್ರಿಯ ವಿಧಾನ ಹೀಗಿದೆ. ಗಿಡದ ಅಂಗಾಂಶಕ್ಕೆ ಫಾರ್ಮಾಲ್ಡಿಹೈಡ್ ಹಾಕಿ ಪ್ರೋಟೀನ್ ಎಲ್ಲಿ ಕೂತಿದೆಯೋ ಅಲ್ಲೇ ಅಂಟಿಸಿಬಿಡ್ತಾರೆ. ಆಮೇಲೆ ಡಿಎನ್‌ಎಯನ್ನ ಚೂರು ಚೂರು ಮಾಡ್ತಾರೆ. ಆ ಪ್ರೋಟೀನನ್ನ ಮಾತ್ರ ಹಿಡಿಯೋ ಆಂಟಿಬಾಡಿಯನ್ನ ಗಾಳದ ಥರ ಬಿಟ್ಟು ಎಳೀತಾರೆ. ಪ್ರೋಟೀನ್ ಜೊತೆ ಅದು ಹಿಡಿದುಕೊಂಡಿದ್ದ ಡಿಎನ್‌ಎ ಚೂರೂ ಬರುತ್ತೆ. ಅಂಟು ಬಿಡಿಸಿ ಆ ಚೂರು ಯಾವ ಜೀನ್‌ನ ಪಕ್ಕದ್ದು ಅಂತ ಓದ್ತಾರೆ. ಪೊಲೀಸರು ದಾಳಿ ಮಾಡಿ 'ಇದ್ದಲ್ಲೇ ನಿಲ್ಲಿ' ಅಂದು ಯಾರ ಕೈಯಲ್ಲಿ ಯಾವ ಕಡತ ಇದೆ ಅಂತ ನೋಡಿದ ಹಾಗೆ.

ದೆಹಲಿಯ ರಾಷ್ಟ್ರೀಯ ಸಸ್ಯ ಜೀನೋಮ್ ಸಂಶೋಧನಾ ಸಂಸ್ಥೆಯ ಪಲ್ಲವಿ ಸಿಂಗ್ ಮತ್ತು ಅಲೋಕ್ ಕೃಷ್ಣ ಸಿನ್ಹಾ 2016ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಒಂದು ಸೊಗಸಾದ ಸುತ್ತು ಇದೆ. ಎಂಪಿಕೆ3 ಅನ್ನೋ ಇನ್ನೊಂದು ಪ್ರೋಟೀನ್ ಮುಳುಗಡೆಯಾದಾಗ ಚುರುಕಾಗುತ್ತೆ. ಅದು ಸಬ್1ಎ-1ಕ್ಕೆ ಒಂದು ಫಾಸ್ಫೇಟ್ ಅಂಟಿಸುತ್ತೆ. ಸಬ್1ಎ-1 ತಿರುಗಿ ಹೋಗಿ ಎಂಪಿಕೆ3 ಜೀನ್‌ನ ಪ್ರೊಮೋಟರ್ ಮೇಲೆ ಕೂತು ಅದನ್ನ ಇನ್ನೂ ಹೆಚ್ಚಿಸುತ್ತೆ. ಒಬ್ಬರು ಇನ್ನೊಬ್ಬರಿಗೆ ಬಲ ಕೊಡ್ತಾ ಹೋಗ್ತಾರೆ. ನೆರೆ ತಡೆಯದ ಸಬ್1ಎ-2ಕ್ಕೆ ಮಾತ್ರ ಈ ಫಾಸ್ಫೇಟ್ ಅಂಟಲ್ಲ. ಆ 186ನೇ ಜಾಗ ನೆನಪಿದೆಯಲ್ಲ? ಸೆರೀನ್ ಅನ್ನೋದು ಫಾಸ್ಫೇಟ್ ಅಂಟಿಸಿಕೊಳ್ಳೋಕೆ ಆಗುವಂಥ ಅಮೈನೋ ಆಮ್ಲ, ಪ್ರೋಲೀನ್ ಹಾಗಲ್ಲ. ಡಿಎನ್‌ಎಯ ಒಂದು ಅಕ್ಷರ ಬದಲಾದರೆ ಇಷ್ಟೆಲ್ಲ ಆಗುತ್ತೆ.

ಸರಿ, ಲ್ಯಾಬಿನಿಂದ ಗದ್ದೆಗೆ ಬರೋಣ. ವಿಳಾಸ ಗೊತ್ತಾದ್ದರಿಂದ ಈಗ ಬೇಡದ್ದನ್ನ ಬಿಡಿಸೋ ದಾರಿ ಸಿಕ್ಕಿತು. ರೈತರಿಗೆ ಬೇಕಾಗಿದ್ದದ್ದು ಸ್ವರ್ಣ. ಆಂಧ್ರದ ಮಾರುಟೇರು ಸಂಶೋಧನಾ ಕೇಂದ್ರದಲ್ಲಿ ಬಂದ ಎಂಟಿಯು 7029. ಒಡಿಶಾ, ಬಂಗಾಳದ ಕಡೆ ಲಕ್ಷಾಂತರ ಎಕರೆಯಲ್ಲಿ ಬೆಳೀತಾರೆ, ಆದರೆ ನೆರೆಗೆ ನಿಲ್ಲಲ್ಲ. ಸ್ವರ್ಣವನ್ನ ಸಬ್1 ಇರುವ ತಳಿ ಜೊತೆ ಸಂಕರ ಮಾಡಿ, ಬಂದ ಮರಿಯನ್ನ ಮತ್ತೆ ಸ್ವರ್ಣಕ್ಕೇ, ಅದರ ಮರಿಯನ್ನ ಮತ್ತೆ ಸ್ವರ್ಣಕ್ಕೇ ಸಂಕರ ಮಾಡ್ತಾ ಹೋದರು. ಪ್ರತಿ ಸಲ ಸಸಿ ಚಿಕ್ಕದಿರುವಾಗಲೇ ಎಲೆಯ ಚೂರು ಕಿತ್ತು ಡಿಎನ್‌ಎ ಗುರುತು ನೋಡಿ, ಸಬ್1 ಇದ್ದು ಉಳಿದದ್ದೆಲ್ಲ ಆದಷ್ಟು ಸ್ವರ್ಣವೇ ಆಗಿರೋ ಸಸಿ ಮಾತ್ರ ಇಟ್ಟುಕೊಂಡರು. ಎಲ್ಲವನ್ನೂ ಮುಳುಗಿಸಿ ಕಾಯೋ ಕೆಲಸ ಇಲ್ಲ. 2009ರಲ್ಲಿ ಸ್ವರ್ಣ-ಸಬ್1 ಭಾರತದಲ್ಲಿ ಬಿಡುಗಡೆ ಆಯ್ತು. ಬಾಂಗ್ಲಾದೇಶ, ಫಿಲಿಪ್ಪೀನ್ಸ್‌ನಲ್ಲೂ ಅಲ್ಲಲ್ಲಿನ ತಳಿಗಳಿಗೆ ಸಬ್1 ಸೇರಿಸಿದ ಬೀಜಗಳು ಬಂದವು.

ಒಂದು ತಮಾಷೆ. ಸ್ವರ್ಣಕ್ಕೆ ಆ ಹೆಸರು ಒಪ್ಪುವ ಹಾಗೆ ಅದರ ಸಿಪ್ಪೆಗೆ ಚಿನ್ನದ ಬಣ್ಣ ಇದೆ. ಸಬ್1ರ ಪಕ್ಕದ ಮನೆಯಲ್ಲೇ ಸಿಪ್ಪೆಯ ಬಣ್ಣದ ಒಂದು ಜೀನ್ ಇದೆ, ಅದೂ ಜೊತೆಗೆ ಬಂದುಬಿಟ್ಟಿತು. ಹಾಗಾಗಿ ಸ್ವರ್ಣ-ಸಬ್1 ಹುಲ್ಲಿನ ಬಣ್ಣ. ಹೆಸರಲ್ಲಿ ಮಾತ್ರ ಚಿನ್ನ. ಅನುಕೂಲವೂ ಇದೆ ಅನ್ನಿ, ಎರಡು ಬೀಜ ಯಾವುದು ಯಾವುದು ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತೆ: ಇದು ಕುಲಾಂತರಿ ಬೀಜವಾ? ಅಲ್ಲ. ಲಿಯಾಗೆಂಗ್‌ಗೆ ಜೀನ್ ಸೇರಿಸಿದ್ದು ಸಾಬೀತಿಗೆ, ಲ್ಯಾಬಿನೊಳಗೆ. ರೈತರ ಕೈಗೆ ಹೋದದ್ದು ಭತ್ತಕ್ಕೆ ಭತ್ತ ಸಂಕರ ಮಾಡಿದ ಬೀಜ. ಕುಲಾಂತರಿ ಪರ, ವಿರೋಧ ಅಂತ ಕೂಗಾಡೋ ಎರಡೂ ಕಡೆಯವರು ಈ ಕಥೆಯನ್ನ ತಮ್ಮ ಕಡೆಗೆ ಎಳೆಯೋದನ್ನ ನೋಡಿದ್ದೀನಿ. ಕುಲಾಂತರಿ ಪ್ರಯೋಗ ಇಲ್ಲದಿದ್ದರೆ ಆ ಜೀನೇ ಕಾರಣ ಅಂತ ಖಾತ್ರಿ ಆಗ್ತಿರಲಿಲ್ಲ. ಹಳೆಯ ಸಂಕರ ವಿಧಾನ ಇಲ್ಲದಿದ್ದರೆ ಬೀಜ ಗದ್ದೆಗೆ ಅಷ್ಟು ಬೇಗ ಬರ್ತಿರಲಿಲ್ಲ. ಯಾರಿಗೂ ಪೂರ್ತಿ ಗೆಲುವು ಕೊಡದ ಕಥೆ ಇದು.

ಈಗ ಸಾಲ. ಒಡಿಶಾದ ಭದ್ರಕ್, ಬಾಲಸೋರ್ ಜಿಲ್ಲೆಗಳ 128 ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಮಂಜರ್ ದಾರ್, ಅಲೇನ್ ಡಿ ಜಾನ್ವ್ರಿ, ಕೈಲ್ ಎಮೆರಿಕ್, ಎಲಿಜಬೆತ್ ಸಡೂಲೆ ಮೊದಲಾದವರು. ಚೀಟಿ ಎತ್ತಿದ ಹಾಗೆ ಅರ್ಧ ಹಳ್ಳಿಗಳನ್ನ ಆರಿಸಿ, ಅಲ್ಲಿನ ಕೆಲವು ರೈತರಿಗೆ 5 ಕೆ.ಜಿ. ಸ್ವರ್ಣ-ಸಬ್1 ಬೀಜ ಕೊಟ್ಟರು. 2011ರಲ್ಲಿ ನೆರೆ ಬಂತು. 2013ರಲ್ಲಿ ಬಂದ ವರದಿ ಪ್ರಕಾರ, ಗದ್ದೆ 10 ದಿನ ಮುಳುಗಿದ್ದರೆ ಸ್ವರ್ಣ-ಸಬ್1 ಇಳುವರಿ ಅಲ್ಲಿನ ಜನಪ್ರಿಯ ತಳಿಗಿಂತ ಸುಮಾರು 45% ಹೆಚ್ಚು. ನೆರೆ ಬರದಿದ್ದರೆ ಎರಡೂ ಸಮ, ನಷ್ಟ ಏನೂ ಇಲ್ಲ. ಇನ್ನೊಂದು ವಿಷಯವೂ ಅದರಲ್ಲಿತ್ತು. ನೆರೆಗೆ ಮೊದಲು ಸಿಗೋ ತಗ್ಗಿನ ಜಮೀನು ಹೆಚ್ಚಾಗಿ ಇರೋದು ಕೆಳಜಾತಿಯವರ ಹತ್ತಿರ. ಒಳ್ಳೆಯ ಎತ್ತರದ ಗದ್ದೆ ಯಾರ ಪಾಲಿಗೆ ಹೋಗಿರುತ್ತೆ ಅಂತ ನಮ್ಮ ಊರುಗಳನ್ನ ನೋಡಿದವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ಈ ಬೀಜದ ಲಾಭ ಅವರಿಗೇ ಹೆಚ್ಚು ಸಿಕ್ಕಿತು. ಕೃಷಿಯಲ್ಲಿ ಹೊಸದೇನೇ ಬಂದರೂ ಮೊದಲು ದೊಡ್ಡ ಹಿಡುವಳಿದಾರರಿಗೆ ಲಾಭ ಅನ್ನೋದನ್ನೇ ನೋಡಿ ನೋಡಿ ಸಾಕಾಗಿರುವಾಗ, ಇದು ನನಗೆ ದೊಡ್ಡ ಸುದ್ದಿ.

ಅದೇ ಪ್ರಯೋಗದ ಮುಂದಿನ ಭಾಗ 2016ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂನಲ್ಲಿ ಬಂತು. ನನ್ನನ್ನ ಈ ದಾರಿಗೆ ಎಳೆದದ್ದು ಅದೇ. ಬೀಜ ಸಿಕ್ಕ ರೈತರು ಮುಂದಿನ ವರ್ಷ ಹೆಚ್ಚು ಜಾಗದಲ್ಲಿ ಭತ್ತ ಹಾಕಿದರು, ಹೆಚ್ಚು ಗೊಬ್ಬರ ಹಾಕಿದರು, ಚೆಲ್ಲು ಬಿತ್ತನೆ ಬಿಟ್ಟು ಕೂಲಿ ಖರ್ಚು ಜಾಸ್ತಿಯಾದರೂ ನಾಟಿ ಮಾಡಿದರು, ಸಾಲವನ್ನೂ ಹೆಚ್ಚು ಬಳಸಿದರು. ನೆರೆ ಬಾರದ ವರ್ಷದಲ್ಲೂ ಅವರ ಇಳುವರಿ ಏರಿತು. ಯೋಚನೆ ಮಾಡಿ. ನೆರೆ ಇಲ್ಲದಾಗ ಆ ಪ್ರೋಟೀನ್ ಏನೂ ಮಾಡಲ್ಲ. ಇಳುವರಿ ಏರಿದ್ದು ಧೈರ್ಯದಿಂದ. ಹೊಳೆ ಯಾವಾಗ ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತೋ ಗೊತ್ತಿಲ್ಲದ ಜಮೀನಿಗೆ ಯಾರು ದುಡ್ಡು ಸುರೀತಾರೆ? ಬಡ ರೈತ ಹೊಸ ಪದ್ಧತಿಗೆ ಬರಲ್ಲ, ಅವನಿಗೆ ತಿಳುವಳಿಕೆ ಇಲ್ಲ ಅಂತ ಎಸಿ ಕೋಣೆಯಲ್ಲಿ ಕೂತು ಹೇಳ್ತಾರಲ್ಲ, ಅವನು ಇಷ್ಟು ದಿನ ಸರಿಯಾಗೇ ಲೆಕ್ಕ ಹಾಕಿದ್ದ. ಕೆಳಗೆ ಬೀಳೋ ಭಯ ಕಡಿಮೆಯಾದ ಕೂಡಲೇ ಬಂಡವಾಳ ಹಾಕಿದ. ಗಿಡ ಪಿಷ್ಟ ಉಳಿಸಿಕೊಂಡಿತು, ರೈತ ಖರ್ಚು ಮಾಡಿದ.

ಇದು ಎಲ್ಲ ನೆರೆಗೂ ಮದ್ದು ಅಂತ ತಿಳೀಬೇಡಿ. ಎರಡು ವಾರ ದಾಟಿದರೆ ಸಬ್1 ಕೂಡ ಕೈ ಚೆಲ್ಲುತ್ತೆ. ನೀರು ತುಂಬ ಕೆಂಪಗೆ ರಾಡಿಯಾಗಿದ್ದರೆ, ಬಿಸಿ ಇದ್ದರೆ ಅದಕ್ಕೂ ಮುಂಚೆ. ಬಿತ್ತಿದ ಕಾಳು ಮೊಳಕೆ ಒಡೆಯೋ ಮುಂಚೆ ಮುಳುಗಿದರೆ ಪ್ರಯೋಜನ ಇಲ್ಲ. ಅರ್ಧ ಆಳದ ನೀರು ತಿಂಗಳುಗಟ್ಟಲೆ ನಿಲ್ಲೋ ಗದ್ದೆಯಲ್ಲಿ ಕುಳ್ಳಗೆ ಕೂರೋ ಸ್ವಭಾವವೇ ತೊಂದರೆ, ಅಲ್ಲಿ ಉದ್ದ ಆಗೋ ಗಿಡವೇ ಬೇಕು. ನಿಮ್ಮ ಕಡೆಯವರು ಯಾರಾದರೂ ಇಂಥ ಬೀಜ ಹುಡುಕ್ತಿದ್ದರೆ ಮೊದಲು ಕೇಳಬೇಕಾದ್ದು ಇಳುವರಿ ಎಷ್ಟು ಅಂತಲ್ಲ. ನಿಮ್ಮ ಗದ್ದೆಯಲ್ಲಿ ನೀರು ಯಾವಾಗ ಬರುತ್ತೆ, ಎಷ್ಟು ಎತ್ತರ, ಎಷ್ಟು ದಿನ ನಿಲ್ಲುತ್ತೆ ಅಂತ.

ಕೊನೆಯದಾಗಿ ಒಂದು ಹೊಸ ಬೆಳವಣಿಗೆ. 2025ರ ಮೇ ತಿಂಗಳಲ್ಲಿ ಕೇಂದ್ರ ಕೃಷಿ ಸಚಿವರು ಜೀನೋಮ್ ಎಡಿಟ್ ಮಾಡಿದ ಎರಡು ಭತ್ತದ ತಳಿಗಳನ್ನ ಘೋಷಿಸಿದರು. ಅದರಲ್ಲಿ ಒಂದು ಪೂಸಾ ಡಿಎಸ್‌ಟಿ ರೈಸ್ 1. ಎಂಟಿಯು 1010 ತಳಿಯಲ್ಲಿ ಡಿಎಸ್‌ಟಿ ಅನ್ನೋ ಜೀನ್ ಕೆಡಿಸಿ ಮಾಡಿದ್ದು. ಈ ಡಿಎಸ್‌ಟಿ ಕೂಡ ಒಂದು ನಿಯಂತ್ರಕ ಪ್ರೋಟೀನೇ. ಆದರೆ ಇದು ಎಲೆಯ ರಂಧ್ರಗಳು ಮುಚ್ಚದ ಹಾಗೆ ನೋಡಿಕೊಳ್ಳೋ ಮೇಸ್ತ್ರಿ. ಅವನನ್ನ ತೆಗೆದರೆ ರಂಧ್ರ ಹೆಚ್ಚು ಮುಚ್ಚುತ್ತೆ, ನೀರು ಉಳಿಯುತ್ತೆ, ಬರ ಮತ್ತು ಉಪ್ಪನ್ನ ತಡೆಯುತ್ತೆ ಅನ್ನೋದು ಲೆಕ್ಕ. ಸಬ್1ಎಯಲ್ಲಿ ಮೇಸ್ತ್ರಿಯನ್ನ ಕರೆತಂದರು, ಇಲ್ಲಿ ಮನೆಗೆ ಕಳಿಸಿದರು. ಗದ್ದೆಯಲ್ಲಿ ಅದು ಹೇಳಿದಷ್ಟು ಕೆಲಸ ಮಾಡುತ್ತಾ ಅಂತ ಟೀಕೆಗಳೂ ಬಂದಿವೆ. ಒಡಿಶಾದ ಹಾಗೆ ಹಳ್ಳಿ ಹಳ್ಳಿಯಲ್ಲಿ ಚೀಟಿ ಎತ್ತಿ ಬೀಜ ಕೊಟ್ಟು ನೋಡಿದರೆ ಆ ವಾದ ಬೇಗ ಇತ್ಯರ್ಥ ಆಗುತ್ತೆ ಅನ್ನೋದು ನನ್ನ ಅಭಿಪ್ರಾಯ.

ಮುಂದಿನ ವಾರ ಮತ್ತೆ ನಮ್ಮ ಮಾಮೂಲಿ ವಿಷಯ, ಬೆಳೆ ವಿಮೆ. ಕಂತು ಕಟ್ಟಿದವರಿಗೆ ಪರಿಹಾರದ ಹಣ ಬರೋಕೆ ಯಾಕೆ ಅಷ್ಟು ತಡವಾಗುತ್ತೆ ಅಂತ ನೋಡೋಣ. ಸಿಗ್ತೀನಿ.